ಅಟ್ಟದ ಕಾಯಿ ಮತ್ತು ಗಿರಾಕಿಯ ತಾಳ

ಕಾರ್ಖಾನೆಯ ಲೆಕ್ಕ ಸರಳ. ದಿನದ ಕೆಲಸದ ಅವಧಿಯನ್ನು ಗಿರಾಕಿಗಳಿಗೆ ಆ ದಿನ ಬೇಕಾದ ಸಂಖ್ಯೆಯಿಂದ ಭಾಗಿಸಬೇಕು. 480 ನಿಮಿಷದಲ್ಲಿ 240 ವಾಹನ ಬೇಕಿದ್ದರೆ ಎರಡು ನಿಮಿಷಕ್ಕೊಂದು ಹೊರಬರಬೇಕು. ಬೇಗ ಬಂದರೂ ತಪ್ಪು, ತಡವಾದರೂ ತಪ್ಪು. ಇದಕ್ಕೆ ‘ಟಾಕ್ಟ್’ ಎನ್ನುತ್ತಾರೆ. ಸಂಗೀತದ ತಾಳಕ್ಕೆ ಜರ್ಮನರು ಬಳಸುವ ಪದವಿದು. 1930ರ ದಶಕದ ಜರ್ಮನ್ ವಿಮಾನ ಕಾರ್ಖಾನೆಗಳಿಂದ ಜಪಾನಿಗೆ ಹೋಗಿ, ತೈಇಚಿ ಓನೋ ಟೊಯೋಟಾದಲ್ಲಿ ಕಟ್ಟಿದ ಪದ್ಧತಿಯೊಳಗೆ ಸೇರಿತು. ಆ ಪದ್ಧತಿ 1999ರ ಕೊನೆಯಲ್ಲಿ ನಮ್ಮ ಬಿಡದಿಗೂ ಬಂತು. ಓನೋ ಎಣಿಸಿದ ಏಳು ಬಗೆಯ ಪೋಲುಗಳಲ್ಲಿ ಬೇಡಿಕೆ ಮೀರಿ ತಯಾರಿಸುವುದೂ ಒಂದು, ದಾಸ್ತಾನೂ ಒಂದು. ಈ ವಿಚಾರವನ್ನು ಅರಸೀಕೆರೆಯ ತೆಂಗಿನ ತೋಟಕ್ಕೆ ತಂದು ಒರೆಗೆ ಹಚ್ಚುವುದು ಅಗತ್ಯ ಎಂದು ನನಗೆ ಅನ್ನಿಸುತ್ತದೆ. ಅಲ್ಲಿ ಅದು ಸೋಲುವ ಕಡೆಗಿಂತ ನಿಲ್ಲುವ ಕಡೆಯೇ ಹೆಚ್ಚು ಕಲಿಸುತ್ತದೆ.

ಮೊದಲ ನೋಟಕ್ಕೆ ಅದು ಸೋಲುವುದೇ ಕಾಣುತ್ತದೆ. ತೆಂಗಿನ ಮರ ಹೆಚ್ಚು ಕಡಿಮೆ ತಿಂಗಳಿಗೊಂದು ಹೊಂಬಾಳೆ ಬಿಡುತ್ತದೆ. ಅದು ಒಡೆದ ಮೇಲೆ ಕಾಯಿ ಬಲಿಯಲು ಹನ್ನೊಂದು ಹನ್ನೆರಡು ತಿಂಗಳು ಬೇಕು. ಅರಸೀಕೆರೆ, ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಬೇಕೆಂದರೆ ಆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಮತ್ತೆ ಹೆಚ್ಚು ಕಡಿಮೆ ಒಂದು ವರ್ಷ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಗಿಟಕು ಲೊಟಗುಟ್ಟಬೇಕು. ಉತ್ತರ ಭಾರತದಲ್ಲಿ ಹಬ್ಬ ಮದುವೆಗಳ ಬೇಡಿಕೆ ಏರಿತೆಂದು ಅಟ್ಟದ ಕಾಯಿ ಅವಸರ ಮಾಡದು. ಇಲ್ಲಿ ದಾಸ್ತಾನನ್ನು ಪೋಲು ಎನ್ನುವುದು, ಹೆಪ್ಪು ಹಾಕಿಟ್ಟ ಹಾಲನ್ನು ಸುಮ್ಮನೆ ಕೂತಿದೆ ಎಂದು ದೂರಿದಂತೆ. ಆದರೆ ಇದೇ ಮರ ರೈತನಿಗೆ ಮೂರು ತಿರುವುಗಳನ್ನೂ ಕೊಟ್ಟಿದೆ. ಏಳು ತಿಂಗಳ ಹೊತ್ತಿಗೆ ಎಳನೀರಿಗೆ ಕೀಳಬಹುದು. ಬಲಿತ ಮೇಲೆ ಕಾಯಿಯಾಗಿಯೇ ಮಾರಬಹುದು. ಇಲ್ಲವೇ ಅಟ್ಟಕ್ಕೆ ಹಾಕಬಹುದು. ಮರಕ್ಕೆ ತಾಳ ಹಾಕಲಾಗದು, ಈ ಮೂರು ತೀರ್ಮಾನಗಳಿಗೆ ಹಾಕಬಹುದು. ಬೇಡಿಕೆಗೆ ಹೊಂದಿಕೊಳ್ಳುವ ವಿದ್ಯೆ ಕೃಷಿಗೆ ಒದಗುವುದು ಅಲ್ಲಿ ಮಾತ್ರ.

ಬೆಲೆಬಾಳುವ ಕೆಲಸ ಗಿರಾಕಿಯ ಗಡಿಯಾರಕ್ಕೆ ತಲೆಬಾಗುವುದೇ ತಪ್ಪು, ಬೇಲೂರು ಹಳೇಬೀಡುಗಳನ್ನು ನೋಡಿ ಎನ್ನುವವರಿದ್ದಾರೆ. ಗೌರವದಿಂದ ಕೇಳಬೇಕಾದ ಆಕ್ಷೇಪ ಇದು. ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಕಟ್ಟಿಸಿದ ಚೆನ್ನಕೇಶವ ದೇಗುಲವನ್ನು ನಿಮಿಷಕ್ಕಿಷ್ಟು ಎಂದು ಯಾರೂ ಕೆತ್ತಿರಲಾರರು. ಆದರೆ ಟಾಕ್ಟ್ ಅವಸರ ಮಾಡು ಎನ್ನುವುದಿಲ್ಲ. ಇರುವ ಕಾಲವನ್ನು ಬೇಕಾದಷ್ಟಕ್ಕೆ ಹಂಚು ಎನ್ನುತ್ತದೆ. ಬೇಕಾದದ್ದು ಒಂದೇ ದೇಗುಲವಾದರೆ ನಿಧಾನವೇ ಅದರ ಸರಿಯಾದ ಲಯ. ಇನ್ನೊಂದು ಮಾತೂ ಇದೆ. ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಅಂಥ ಕಲ್ಲನ್ನು ರಾಶಿ ಹಾಕಿಟ್ಟರೆ ಉಳಿಗೆ ಕಷ್ಟ, ತೆಂಗಿನಕಾಯಿಯನ್ನು ಕೂಡಿಡದಿದ್ದರೆ ಕೊಬ್ಬರಿಯೇ ಇಲ್ಲ. ದಾಸ್ತಾನು ಸರಿಯೋ ತಪ್ಪೋ ಎಂಬುದು ಸೂತ್ರದಿಂದ ತಿಳಿಯದು, ವಸ್ತುವಿನ ಗುಣ ಬಲ್ಲವರಿಗೆ ತಿಳಿಯುತ್ತದೆ. ಓನೋ ಪದ್ಧತಿಯನ್ನು ಕಂಠಪಾಠ ಮಾಡಿದವರು ಮರೆಯುವುದು ಇದನ್ನೇ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಬೇಡಿಕೆಗೆ ಹೊಂದಿಸಲು ರೈತನಿಗೆ ಬೆಲೆಯೇ ಸಾಲದೇ? ಸಾಲದು ಎಂಬುದಕ್ಕೆ ಎರಡು ವರ್ಷಗಳ ಸಾಕ್ಷಿ ಸಾಕು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಆ ವರ್ಷದ ಆರಂಭದಲ್ಲಿ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿತ್ತು. ನಾಫೆಡ್ ಖರೀದಿಗೆ ಹೆಸರು ನೋಂದಾಯಿಸಲು ರೈತರು ಸಾಲುಗಟ್ಟಿ ನಿಂತರು. 2025ರಲ್ಲಿ ಬೆಂಬಲ ಬೆಲೆ 12,100; ಮಾರುಕಟ್ಟೆ ಅದರ ಎರಡು ಪಟ್ಟನ್ನು ದಾಟಿತು. ಈ ಏರಿಕೆಯ ಹಿಂದೆ 2023ರ ಬರದ ಪೆಟ್ಟಿತ್ತು, ಕೀಟಬಾಧೆಯಿತ್ತು, ಕಾಯಿ ಎಳನೀರಿಗೆ ಹರಿದದ್ದೂ ಇತ್ತು. ಬೆಲೆ ಬಿದ್ದ ವರ್ಷ ಅಟ್ಟದ ಮೇಲೆ ನಂಬಿಕೆ ಕಳೆದುಕೊಂಡವನಿಗೆ ಬೆಲೆ ಏರಿದ ವರ್ಷ ಇಳಿಸಲು ಕಾಯಿಯಿಲ್ಲ. ಅವನು ಬೆಲೆಯನ್ನು ಸರಿಯಾಗಿಯೇ ಓದಿದ್ದ. ಆದರೆ ಅದು ಇಂದಿನ ಬೆಲೆ, ಅವನ ಕೊಬ್ಬರಿ ಮುಂದಿನ ವರ್ಷದ್ದು. ಹಳೆಯ ತಾಳ ಕೇಳಿಸಿಕೊಂಡು ಹೆಜ್ಜೆ ಹಾಕಿದವನ ಹೆಜ್ಜೆ ತಪ್ಪಿದರೆ ಅದನ್ನು ಅವನ ಅಜ್ಞಾನ ಎನ್ನುವುದು ಅನ್ಯಾಯ.

ಕಾರ್ಖಾನೆಯಲ್ಲಿ ಕಡೆಯ ಹಂತಕ್ಕೆ ಏನು ಬೇಕೆಂಬುದು ಹಿಂದಿನ ಹಂತಕ್ಕೆ ಚೀಟಿಯಾಗಿ ತಲುಪುತ್ತದೆ. ಅರಸೀಕೆರೆಯ ಅಟ್ಟಕ್ಕೆ ಅಂಥ ಚೀಟಿ ಬರುವುದಿಲ್ಲ. 2024ರ ಬೆಂಬಲ ಬೆಲೆ ಪ್ರಕಟವಾದದ್ದು 2023ರ ಡಿಸೆಂಬರ್ ಕೊನೆಯಲ್ಲಿ. ಆ ಹಂಗಾಮಿನಲ್ಲಿ ಇಳಿಯಬೇಕಾದ ಕಾಯಿ ಅಷ್ಟರಲ್ಲಿ ಅಟ್ಟದಲ್ಲೇ ಇತ್ತು. ಅದೇ ಬೆಲೆ ಒಂದು ವರ್ಷ ಮೊದಲೇ ಗೊತ್ತಿದ್ದರೆ, ಮಂಡಿಗಳಲ್ಲಿ ಉಳಿದ ಮಾಲೆಷ್ಟು, ಎಳನೀರಿಗೆ ಹೋದ ಕಾಯಿಯೆಷ್ಟು ಎಂಬ ಅಂದಾಜು ತಿಂಗಳಿಗೊಮ್ಮೆ ಎಪಿಎಂಸಿಯ ಹಲಗೆಯ ಮೇಲೆ ಬಿದ್ದಿದ್ದರೆ, ಎಳನೀರಿಗೆ ಕೊಡಲೋ ಅಟ್ಟಕ್ಕೇರಿಸಲೋ ಎಂಬ ಪ್ರಶ್ನೆಯನ್ನು ರೈತ ಮರದ ಬುಡದಲ್ಲೇ ನಿಂತು ಬಿಡಿಸಬಹುದಿತ್ತು.