ಹೊಣೆ ಹೊತ್ತ ಅಪರಿಚಿತರು

ಬಹುಕಾಲ ಬಾಳಿದ ಮನೆಯನ್ನು ಖಾಲಿ ಮಾಡಬೇಕಾಗಿ ಬಂದಾಗ ಸಾಮಾನು ಯಾರು ಸಾಗಿಸುತ್ತಾರೆ ಎಂಬ ಪ್ರಶ್ನೆಗೆ ಹಿಂದೆ ಉತ್ತರ ಸಿದ್ಧವಾಗಿರುತ್ತಿತ್ತು. ಭಾವಮೈದುನ, ಸೋದರಳಿಯ, ಪಕ್ಕದ ಮನೆಯ ಹುಡುಗರು ಬರುತ್ತಿದ್ದರು. ಲಗೇಜ್ ಆಟೊ ಹತ್ತಾರು ಸಲ ಓಡಾಡುತ್ತಿತ್ತು. ಮಧ್ಯಾಹ್ನ ಎಲ್ಲರೂ ನೆಲದ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದರು. ಈಗ ಬೆಂಗಳೂರಿನ ಎಷ್ಟೋ ಮನೆಗಳಿಂದ ಪ್ಯಾಕರ್ಸ್ ಅಂಡ್ ಮೂವರ್ಸ್‌ಗೆ ಫೋನ್ ಹೋಗುತ್ತದೆ. ಸಂಬಂಧಗಳು ತೆಳುವಾದವು ಎಂದು ಮರುಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ಪ್ರೀತಿಯಿಂದ ಬಂದವನ ಕೈಯಿಂದ ಟಿವಿ ಜಾರಿದರೆ ನಾವು ಬಾಯಿ ಬಿಡುವಂತಿಲ್ಲ. ಅವನಿಗೂ ಆಮೇಲೆ ನಮ್ಮ ಹೊಸ್ತಿಲು ದಾಟುವಾಗಲೆಲ್ಲ ಅದೇ ನೆನಪು. ಬೀರು ಎತ್ತಿ ಸೊಂಟ ಉಳುಕಿಸಿಕೊಂಡ ಐವತ್ತರ ಭಾವನ ನೋವಿಗೆ ಯಾರು ಹೊಣೆ? ಆ ಋಣ ಯಾವ ಲೆಕ್ಕಕ್ಕೂ ಸಿಗದೆ ಇಬ್ಬರ ನಡುವೆ ಉಳಿದುಬಿಡುತ್ತದೆ. ಹಣ ಕೊಟ್ಟು ಕೆಲಸ ಒಪ್ಪಿಸಿದಾಗ ಹೊಣೆ ಕಾಗದಕ್ಕೆ ಇಳಿಯುತ್ತದೆ. 2007ರ ರಸ್ತೆ ಸರಕು ಸಾಗಣೆ ಕಾಯಿದೆಯ ಪ್ರಕಾರ ಬಾಡಿಗೆಗೆ ಎಲ್ಲರ ಸರಕನ್ನೂ ಸಾಗಿಸುವವರು ನೋಂದಾಯಿಸಿಕೊಂಡಿರಬೇಕು, ಸರಕಿಗೆ ರಸೀದಿ ಕೊಡಬೇಕು. ಸರಕು ಹಾಳಾದರೆ ಬುಕ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟು ಪರಿಹಾರ ಕೇಳಬಹುದು. ಅಗ್ಗವೆಂದು ರಸೀದಿಯೇ ಇಲ್ಲದವರಿಗೆ ಒಪ್ಪಿಸಿದರೆ ಈ ಆಸರೆ ಕೈತಪ್ಪುತ್ತದೆ. ಭಾರವೆಲ್ಲ ಆ ಕಾಗದದ ಮೇಲೆ ಬಿದ್ದಾಗ ನೆಂಟರು ನೆಂಟರಾಗಿಯೇ ಉಳಿಯುತ್ತಾರೆ. ಹೊಸ ಮನೆಯಲ್ಲಿ ಹಾಲುಕ್ಕಿಸುವಾಗ ಬಂದು, ಉಂಡು, ಹರಸಿ ಹೋಗುತ್ತಾರೆ.

ಕೆಲಸ ಬಲ್ಲವರ ಕೈ ನೋಡುತ್ತ ನಿಲ್ಲುವುದೂ ಒಂದು ಪಾಠ. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸುವುದಿಲ್ಲ. ಒಂದೊಂದಕ್ಕೂ ಕಾಗದ ಸುತ್ತಿ ಅಂಚಿನ ಮೇಲೆ ನಿಲ್ಲಿಸುತ್ತಾರೆ, ಕುಲುಕಾಟವನ್ನು ತಡೆಯುವ ಶಕ್ತಿ ಅಂಚಿಗೆ ಹೆಚ್ಚು. ಪುಸ್ತಕಗಳನ್ನು ಚಿಕ್ಕ ಪೆಟ್ಟಿಗೆಗೇ ತುಂಬುತ್ತಾರೆ, ದೊಡ್ಡದಕ್ಕೆ ತುಂಬಿದರೆ ಎತ್ತುವಾಗ ತಳ ಕಿತ್ತುಬರುತ್ತದೆ. ಮಂಚ ಬಿಚ್ಚಿದವನು ಸ್ಕ್ರೂಗಳನ್ನೆಲ್ಲ ಸಣ್ಣ ಕವರಿಗೆ ಹಾಕಿ ಆ ಮಂಚದ ಹಲಗೆಗೇ ಟೇಪಿನಿಂದ ಅಂಟಿಸುತ್ತಾನೆ. ನಮ್ಮ ಅಜ್ಜಿಯ ಉಪ್ಪಿನಕಾಯಿ ಜಾಡಿಯ ಕಥೆ ಅವನಿಗೆ ಗೊತ್ತಿಲ್ಲ. ಅದು ಪಿಂಗಾಣಿ, ಒಡೆಯುವಂಥದ್ದು ಎಂಬುದಷ್ಟೇ ಗೊತ್ತು. ಆ ಜಾಡಿಯನ್ನು ಕಾಪಾಡಲು ಅಷ್ಟು ತಿಳಿದಿದ್ದರೆ ಸಾಕು. ನೆನಪು ತುಂಬಿದ ನಮ್ಮ ಕೈಯೋ, ಅದನ್ನು ಹಿಡಿದು ನಿಂತೇಬಿಡುತ್ತದೆ.

ಇನ್ನು ವಿಮೆಗಾಗಿ ಪಟ್ಟಿ ಮಾಡಬೇಕು. ಫ್ರಿಜ್ಜಿಗೆ ಬೆಲೆ ಬರೆಯಬಹುದು, ವಾಷಿಂಗ್ ಮಷೀನಿಗೆ ಬರೆಯಬಹುದು. ಅಪ್ಪ ಬರೆದ ಕಾಗದಗಳ ಕಟ್ಟಿನ ಎದುರು ಪೆನ್ನು ನಿಲ್ಲುತ್ತದೆ. ಆಗ ಮೇಸ್ತ್ರಿಯೇ ಹೇಳುತ್ತಾನೆ: ಒಡವೆ, ಪತ್ರಗಳು, ದೇವರ ವಿಗ್ರಹ ನಿಮ್ಮ ಜೊತೆಯಲ್ಲೇ ಇಟ್ಟುಕೊಳ್ಳಿ ಅಮ್ಮಾ, ಅವನ್ನು ನಾವು ತಗೊಳಲ್ಲ. ವೃತ್ತಿ ಬಲ್ಲವನಿಗೆ ವೃತ್ತಿಯ ಎಲ್ಲೆಯೂ ಗೊತ್ತಿರುತ್ತದೆ. ಲಾರಿ ತುಂಬ ಸಾಮಾನು ಅವನ ಪಾಲಿಗೆ, ಒಂದು ಚೀಲದಷ್ಟು ನಮ್ಮ ಪಾಲಿಗೆ. ಆ ಚೀಲಕ್ಕೆ ಏನು ಹೋಗಬೇಕೆಂದು ತೀರ್ಮಾನಿಸುವಾಗ ಇಷ್ಟು ವರ್ಷ ಏತಕ್ಕಾಗಿ ದುಡಿದೆವು ಎಂಬುದು ಸ್ಪಷ್ಟವಾಗುತ್ತದೆ. ಈ ತೀರ್ಮಾನವನ್ನು ಯಾವ ಸಂಸ್ಥೆಗೂ ಒಪ್ಪಿಸಲಾಗದು. ಅದಕ್ಕೆ ಬೇಕಾದ ಬಿಡುವನ್ನು ಮಾತ್ರ ಅವರು ನಮಗೆ ಕೊಡಬಲ್ಲರು. ಮನೆ ಬಿಡುವ ದಿನ ಹಗ್ಗ, ಪೆಟ್ಟಿಗೆ ಎಂದು ಓಡಾಡದೆ ವಯಸ್ಸಾದ ಅಮ್ಮನ ಪಕ್ಕ ಕೂತು, ಅವಳು ಹೇಳುವ ಹಳೆಯ ಮಾತುಗಳನ್ನು ಕೇಳುವುದು ಸಾಧ್ಯವಾದರೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಹಾಗೆಂದು ಭಾರ ಇಲ್ಲವಾಗುವುದಿಲ್ಲ, ಬೇರೊಬ್ಬರ ಬೆನ್ನಿಗೆ ಹೋಗಿರುತ್ತದೆ. ದುಡಿಮೆ ಹುಡುಕಿ ಊರು ಬಿಟ್ಟು ಬಂದ ಹುಡುಗರು ಆ ತಂಡಗಳಲ್ಲಿ ಎಷ್ಟೋ ಮಂದಿ. ಆದ್ದರಿಂದ ಬುಕ್ ಮಾಡುವಾಗಲೇ ನಿಜ ಹೇಳಬೇಕು: ಎಷ್ಟನೇ ಮಹಡಿ, ಲಿಫ್ಟ್‌ನಲ್ಲಿ ಸಾಮಾನು ಬಿಡುತ್ತಾರೋ ಇಲ್ಲವೋ, ಲಾರಿ ಗೇಟಿನವರೆಗೆ ಬರುತ್ತದೋ. ಬಾಡಿಗೆ ಇಳಿಸುವ ಆಸೆಗೆ ಮೂರನೇ ಮಹಡಿಯ ಮೆಟ್ಟಿಲನ್ನು ಮುಚ್ಚಿಟ್ಟರೆ, ಆ ಉಳಿತಾಯವನ್ನು ತೆರುವವನು ಫ್ರಿಜ್ಜನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತುವ ಹುಡುಗ.