ಮನೆ ಎಷ್ಟು ದೂರ?



ತಲೆಯ ಮೇಲೊಂದು ಸೂರು ಬೇಕೆಂಬುದು ದುಡಿಯುವ ಪ್ರತಿಯೊಬ್ಬರ ಹಂಬಲ. ಆದರೆ ಸೂರು ದೊರೆತ ಮಾತ್ರಕ್ಕೆ ಮನೆ ದೊರೆತಂತಾಯಿತೇ? ಹುಬ್ಬಳ್ಳಿ-ಧಾರವಾಡದ ಅಂಚಿನಲ್ಲಿ ಕಡಿಮೆ ಬೆಲೆಗೆ ಮನೆ ಪಡೆದ ಒಬ್ಬ ಕೂಲಿಕಾರನನ್ನು ಊಹಿಸಿಕೊಳ್ಳಿ. ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಹೊರಡುವ ಅವನು ಮಕ್ಕಳು ಮಲಗಿದ ಮೇಲೆ ಮರಳುತ್ತಾನೆ. ಮನೆಯ ಬೆಲೆಯಲ್ಲಿ ಉಳಿದ ಹಣವನ್ನು ದಿನದಿನವೂ ದಾರಿಗೆ ತೆರುತ್ತಾನೆ. ಇಂಥ ಮನೆಯನ್ನು ಅಗ್ಗವೆನ್ನಬಹುದೇ?

ಹುಬ್ಬಳ್ಳಿಗೆ ರೈಲ್ವೆ ಕಾರ್ಖಾನೆ ಬಂದದ್ದು 19ನೇ ಶತಮಾನದ ಕೊನೆಯ ದಶಕಗಳಲ್ಲಿ. ಅದರ ಸುತ್ತ ನೌಕರರ ವಸತಿಗೃಹಗಳು ಎದ್ದವು. ಕೆಲಸಕ್ಕೆ ನಡೆದೇ ಹೋಗಬಹುದಾಗಿತ್ತು. ಆದರೆ ಅಲ್ಲಿಯೂ ಒಂದು ಕೊರತೆಯಿತ್ತು. ನಿವೃತ್ತಿಯಾದೊಡನೆ ಕೀಲಿಕೈ ಮರಳಿಸಬೇಕು. ನೌಕರಿ ಮುಗಿದರೆ ಮನೆಯೂ ಮುಗಿಯಿತು. ದುಡಿಮೆಯ ಸಮೀಪ, ಆದರೆ ದುಡಿಮೆ ನಿಂತರೂ ನಿಲ್ಲುವಂಥ ಮನೆ: ಇದು ನಮ್ಮ ಗುರಿಯಾಗಬೇಕು.

1962ರಲ್ಲಿ ಎರಡೂ ಊರುಗಳು ಒಂದೇ ಮಹಾನಗರ ಪಾಲಿಕೆಗೆ ಸೇರಿದವು. ನಡುವೆ ನವನಗರ ಬೆಳೆಯಿತು. ಮನೆಗಳು, ಕಚೇರಿಗಳು ಬಂದವು. 2009ರಲ್ಲಿ ಸ್ಥಾಪನೆಯಾದ ಕಾನೂನು ವಿಶ್ವವಿದ್ಯಾಲಯವೂ ಅಲ್ಲಿದೆ. ಆದರೆ ಹೆಚ್ಚು ಓದದವರ ದುಡಿಮೆ ಬಹುಪಾಲು ಹುಬ್ಬಳ್ಳಿಯ ಮಾರುಕಟ್ಟೆಗಳಲ್ಲಿ, ಗೋಕುಲ ರಸ್ತೆ ಮತ್ತು ತಾರಿಹಾಳದ ಕೈಗಾರಿಕೆಗಳಲ್ಲಿ, ಧಾರವಾಡದಾಚೆಯ ಬೇಲೂರಿನಲ್ಲಿ ಉಳಿಯಿತು. 2020ರಲ್ಲಿ ಉದ್ಘಾಟನೆಗೊಂಡ ತ್ವರಿತ ಬಸ್ ಸಾರಿಗೆ ಈ ಅವಳಿ ನಗರಗಳ ನಡುವಿನ ಪ್ರಯಾಣವನ್ನು ಹಗುರಗೊಳಿಸಿತು, ನಿಜ. ಆದರೂ ಮುಖ್ಯ ರಸ್ತೆಯಿಂದ ದೂರವಿರುವ ಬಡಾವಣೆಯವನಿಗೆ ಆ ಬಸ್ಸನ್ನು ತಲುಪುವುದೇ ಒಂದು ಪಯಣ.

ಇಂಗ್ಲೆಂಡಿನ ಎಬನೇಜರ್ ಹೋವರ್ಡ್ 1898ರಲ್ಲೇ ಇದಕ್ಕೊಂದು ದಾರಿ ಸೂಚಿಸಿದ್ದರು. ಹೊಸ ಊರಿನಲ್ಲಿ ಮನೆ ಮತ್ತು ಕಾರ್ಖಾನೆ ಜೊತೆಯಾಗಿರಲಿ. ಭೂಮಿಯ ಬೆಲೆ ಏರಿದರೆ ಆ ಲಾಭ ಊರಿಗೇ ಸಲ್ಲಲಿ ಎಂಬುದು ಅವರ ವಾದ. 1903ರಲ್ಲಿ ಲೆಚ್‌ವರ್ತ್ ಎಂಬ ಊರು ಹೀಗೆ ಆರಂಭವಾಯಿತು. ನಮ್ಮ ದೇಶದಲ್ಲಾದರೋ 2005ರ ನಗರ ನವೀಕರಣ ಯೋಜನೆಯಲ್ಲಿ ಬಡವರಿಗಾಗಿ ಕಟ್ಟಿದ ಅನೇಕ ಮನೆಗಳು ಖಾಲಿ ಉಳಿದವು. ಅವು ದುಡಿಮೆಯ ಸ್ಥಳದಿಂದ ದೂರವಿದ್ದುದು ಅದಕ್ಕೊಂದು ಕಾರಣ.

ಬಡವನನ್ನು ಅಂಚಿಗೆ ತಳ್ಳುವವರು ಯಾರು? ಸರ್ಕಾರವನ್ನೋ ದಲ್ಲಾಳಿಗಳನ್ನೋ ದೂರುವುದು ಸುಲಭ. ಆದರೆ ಬಡಾವಣೆಯ ನಡುವೆ ಜಾಲಿ ಬೆಳೆದು ನಿಂತ ಆ ಖಾಲಿ ಪ್ಲಾಟು ಯಾರದು? "ಮಗಳ ಮದುವೆಗಾದೀತು, ಬೆಲೆ ಇನ್ನಷ್ಟು ಏರಲಿ" ಎಂದು ಕಾಯುತ್ತಿರುವವರು ನಾವೇ ಅಲ್ಲವೇ? ಕೂಡಿಡುವುದು ಪಾಪವಲ್ಲ. ಆದರೆ ಆ ಬೆಲೆ ನಮ್ಮ ಬೆವರಿನಿಂದ ಏರಿದ್ದಲ್ಲ; ಎಲ್ಲರ ತೆರಿಗೆಯ ರಸ್ತೆ, ನೀರು, ದೀಪಗಳಿಂದ ಏರಿದ್ದು. ಮಿತವಾಗಿ ಬಾಳುವ ಕಾರ್ಮಿಕ ಅಲ್ಪಸ್ವಲ್ಪ ಉಳಿಸಿ ತನ್ನದೆನ್ನುವ ಆಸ್ತಿ ಹೊಂದುವಷ್ಟು ಕೂಲಿ ಇರಬೇಕೆಂದು ಪೋಪ್ ಹದಿಮೂರನೆಯ ಲಿಯೋ ಅವರು 1891ರ ಪರಿಪತ್ರದಲ್ಲಿ ಬೋಧಿಸಿದರು. ಕೂಲಿ ನ್ಯಾಯವಾಗಿದ್ದರೂ ನೆಲ ಕೈಗೆಟುಕದಿದ್ದರೆ ಆ ಬೋಧನೆ ಕಾಗದದಲ್ಲೇ ಉಳಿಯುತ್ತದೆ.

ಆದ್ದರಿಂದ, ಸಹೋದರ ಸಹೋದರಿಯರೇ, ನಿಮ್ಮ ಖಾಲಿ ಪ್ಲಾಟಿನಲ್ಲಿ ಎರಡು ಕೋಣೆಗಳನ್ನು ಕಟ್ಟಿ, ದುಡಿಯುವ ಕುಟುಂಬವೊಂದಕ್ಕೆ ಜಾತಿ-ಮತ ಕೇಳದೆ, ಭಾರವಾಗದ ಬಾಡಿಗೆಗೆ ಕೊಡಬಲ್ಲಿರಾ? ವಾರ್ಡಿನ ಸಭೆಯಲ್ಲಿ "ಎಷ್ಟು ಮನೆ ಕಟ್ಟುತ್ತೀರಿ?" ಎನ್ನುವ ಮೊದಲು "ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ಯಾವ ದುಡಿಮೆಯಿದೆ?" ಎಂದು ಕೇಳಬಲ್ಲಿರಾ? ಇಂದು ರಾತ್ರಿ ಮನೆಮಂದಿಯೆಲ್ಲ ಕೂಡಿ ಊಟಕ್ಕೆ ಕುಳಿತಾಗ, ಇನ್ನೂ ದಾರಿಯಲ್ಲಿರುವ ಆ ತಂದೆಯನ್ನು ನೆನೆದು ಇದನ್ನು ಚರ್ಚಿಸಿರಿ.