ಶಿಷ್ಯರಿಗೆ ಬಿಟ್ಟುಕೊಟ್ಟ ದನಿ

'ಮುಂದ ನಡೆಯಾಂವನ ನಾಯಕ' ಅನ್ನುತ್ತಾರೆ ನಮ್ಮ ಕುಂದಗೋಳದ ಕಟ್ಟೆಯ ಮೇಲೆ. ನಾನು ಒಪ್ಪುವುದಿಲ್ಲ; ಹಿಂದೆ ಸರಿದು ಇತರರಿಗೆ ದಾರಿ ಬಿಡುವವನೂ ನಾಯಕನೇ. ಈ ಊರಿನ ಹೆಸರನ್ನೇ ಹೊತ್ತ ಹಿಂದೂಸ್ತಾನಿ ಗಾಯಕ ರಾಮಭಾವು ಕುಂದಗೋಳಕರ್, ಅಂದರೆ ಸವಾಯಿ ಗಂಧರ್ವರು (1886–1952), ತಮ್ಮ ಗುರು ಅಬ್ದುಲ್ ಕರೀಂ ಖಾನರಿಂದ ಕಲಿತದ್ದನ್ನು ಶಿಷ್ಯರಿಗೆ ಹಂಚಿದ ರೀತಿ ನೋಡಿ. ಗಂಗೂಬಾಯಿ ಹಾನಗಲ್ಲರು ಪಾಠಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲೇ ಇದ್ದು ನೀರು ಹೊತ್ತರು. ಪಾಠ ಬಲು ಕಟ್ಟುನಿಟ್ಟು. ಆದರೂ ಇಬ್ಬರ ಗಾಯನ ಎಷ್ಟು ಬೇರೆ! ಶಿಷ್ಯರನ್ನು ತನ್ನ ನೆರಳಾಗಿಸದಿರಲು ಅಹಂಕಾರ ಕರಗಿರಬೇಕು. ಅಲ್ಲಮಪ್ರಭುವನ್ನು ಶರಣರ ಅಧ್ಯಕ್ಷಸ್ಥಾನವಾದ ಶೂನ್ಯಪೀಠದ ಮೇಲೆ ಕೂರಿಸಿ ತಾನು ಕೆಳಗೆ ಕುಳಿತ ಬಸವಣ್ಣನಲ್ಲಿ ನಮ್ಮ ಪರಂಪರೆ ಕಂಡದ್ದೂ ಈ ಗುಣವನ್ನೇ. ನಮ್ಮೂರಿನ ನಾಡಗೀರ ವಾಡೆಯ ಸಂಗೀತೋತ್ಸವದಲ್ಲಿ ಕೂತಾಗ ನಾನು ಹುಡುಕುವುದು ಇಷ್ಟೇ: ಹಾಡುವವರಲ್ಲಿ ಗುರುವಿನ ಶಿಸ್ತು ಇದೆಯೇ, ದನಿ ಅವರದ್ದೇ ಆಗಿದೆಯೇ?